ನಾಲ್ಕು ವರ್ಷದ ಡಿಗ್ರಿ, ಎರಡನೇ ವರ್ಷದ ಲೆಕ್ಕ

ಪ್ರಶ್ನೆ: ನಾನು ಗದಗ ಜಿಲ್ಲೆಯ ಮುಂಡರಗಿ ತಾಲೂಕಿನವಳು. 10ನೇ ತರಗತಿವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದೆ. ಆಮೇಲೆ ಪಿಯುನಲ್ಲಿ ಪಿಸಿಎಂಬಿ. ಕಂಪ್ಯೂಟರ್ ಸೈನ್ಸ್ ಓದಬೇಕು ಅಂತ ಆಸೆ, ಆದರೆ ಇವತ್ತಿನವರೆಗೆ ಒಂದು ಪ್ರೋಗ್ರಾಂ ಕೂಡ ಬರೆದಿಲ್ಲ. ನನ್ನ ಸಿಇಟಿ ರ‍್ಯಾಂಕಿಗೆ ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಮಶೀನ್ ಲರ್ನಿಂಗ್) ಬ್ರ್ಯಾಂಚ್, ಗದಗದಲ್ಲಿ ಬರೀ ಸಿಎಸ್‌ಇ (ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್) ಸಿಗಬಹುದು ಅಂತಾರೆ. ಅಪ್ಪ ಮಾತ್ರ ‘ಗದಗಿನ್ಯಾಗ ಬಿಸಿಎ ಮಾಡು, ಮೂರು ವರ್ಷಕ್ಕ ಮುಗೀತದ’ ಅಂತಾರೆ. ಸೀನಿಯರ್ ಅಕ್ಕ ಒಬ್ಬಳು ಮೊದಲ ದಿನದಿಂದಲೇ ಕೋಡಿಂಗ್ ಪ್ರಾಬ್ಲಂ ಬಿಡಿಸಲು ಶುರು ಮಾಡು ಅಂತಾಳೆ. ಯಾವುದನ್ನು ಆರಿಸಲಿ? ಸೇರಿದ ಮೇಲೆ ವರ್ಷ ವರ್ಷ ಏನು ಮಾಡಬೇಕು? ಲ್ಯಾಪ್‌ಟಾಪ್ ಈಗಲೇ ಬೇಕಾ?

ಉತ್ತರ: ತಂಗಿ, ನಿಮ್ಮ ಪ್ರಶ್ನೆಯಲ್ಲಿ ಬ್ರ್ಯಾಂಚಿನ ಹೆಸರು ದೊಡ್ಡದಾಗಿ ಕಾಣುತ್ತಿದೆ. ನನ್ನನ್ನು ಕೇಳಿದರೆ ನೀವು ಬರೆದ ಎಲ್ಲದರಲ್ಲಿ ಅದೇ ಸಣ್ಣ ವಿಷಯ. ಕಂಪ್ಯೂಟರ್ ಸೈನ್ಸ್ ಡಿಗ್ರಿಯಲ್ಲಿ ಒಬ್ಬರು ಗಟ್ಟಿಯಾಗುತ್ತಾರೋ ಟೊಳ್ಳಾಗಿ ಉಳಿಯುತ್ತಾರೋ ಅನ್ನುವುದು ಎರಡನೇ ವರ್ಷದಲ್ಲಿ ತೀರ್ಮಾನ ಆಗುತ್ತದೆ. ಅಂದರೆ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರ್‌ನಲ್ಲಿ. ಮೊದಲ ವರ್ಷ ಅದಕ್ಕೆ ತಯಾರಿ. ಕೊನೆಯ ಎರಡು ವರ್ಷ ಅಲ್ಲಿ ಗಳಿಸಿದ್ದರ ಮೇಲೆ ನಡೆಯುತ್ತವೆ. ಹಾಗಾಗಿ ಕಾಲೇಜು, ಹಾಸ್ಟೆಲ್, ಲ್ಯಾಪ್‌ಟಾಪ್, ಬಸ್ ಪಾಸ್ ಎಲ್ಲವನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿ: ಆ ಎರಡು ಸೆಮಿಸ್ಟರ್ ಚೆನ್ನಾಗಿ ಕೂತು ಓದಲು ಇದರಿಂದ ಅನುಕೂಲವೋ, ಅನಾನುಕೂಲವೋ?

ಯಾಕೆ ಎರಡನೇ ವರ್ಷ ಅಂತ ಹೇಳುತ್ತೇನೆ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್ (ಯಾವ ಸೆಮಿಸ್ಟರ್‌ಗೆ ಯಾವ ಪೇಪರ್ ಅನ್ನುವ ಪಟ್ಟಿ) ತೆಗೆದು ನೋಡಿ. ಮೂರನೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ (ಮಾಹಿತಿ ಜೋಡಿಸಿಡುವ ವಿಧಾನಗಳು), ಆಪರೇಟಿಂಗ್ ಸಿಸ್ಟಮ್ಸ್, ಡಿಜಿಟಲ್ ಡಿಸೈನ್ ಮತ್ತು ಕಂಪ್ಯೂಟರ್ ಆರ್ಗನೈಸೇಶನ್, ಜೊತೆಗೆ ಮ್ಯಾಥ್ಸ್. ನಾಲ್ಕನೆಯದರಲ್ಲಿ ಆಲ್ಗಾರಿದಮ್ಸ್ (ಲೆಕ್ಕ ಬಿಡಿಸುವ ಕ್ರಮಗಳು), ಡಿಬಿಎಂಎಸ್ (ಡೇಟಾಬೇಸ್). ಇಡೀ ಡಿಗ್ರಿಯ ಬುಡ ಈ ಒಂದೇ ವರ್ಷದಲ್ಲಿದೆ. ಐದನೇ ಸೆಮಿಸ್ಟರ್‌ನಿಂದ ಬರುವ ಕಂಪ್ಯೂಟರ್ ನೆಟ್‌ವರ್ಕ್ಸ್, ಥಿಯರಿ ಆಫ್ ಕಂಪ್ಯುಟೇಶನ್, ಮಶೀನ್ ಲರ್ನಿಂಗ್, ಕ್ಲೌಡ್, ಕ್ರಿಪ್ಟೋಗ್ರಫಿ ಎಲ್ಲವೂ ಇವುಗಳ ಮೇಲೆ ನಿಂತಿವೆ. ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯ ಕಂಪ್ಯೂಟರ್ ಸೈನ್ಸ್ ಪೇಪರಿನಲ್ಲಿ ಜನರಲ್ ಆಪ್ಟಿಟ್ಯೂಡ್‌ನ 15 ಅಂಕ ಬಿಟ್ಟರೆ ಉಳಿದ ಬಹುಪಾಲು ಇದೇ ವಿಷಯಗಳು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೇಳುವುದೂ ಇವನ್ನೇ. ಸ್ಕೀಮ್ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. ಪೇಪರಿನ ಕೋಡ್, ಹೆಸರು, ಅದು ಬರುವ ಸೆಮಿಸ್ಟರ್ ಅತ್ತಿತ್ತ ಆಗಬಹುದು. ಆದರೆ ಯಾವುದು ಗೊತ್ತಿದ್ದರೆ ಯಾವುದು ಅರ್ಥವಾಗುತ್ತದೆ ಅನ್ನುವ ಕ್ರಮ ಬದಲಾಗುವುದಿಲ್ಲ. ಸೇರಿದ ವಾರವೇ ನಿಮ್ಮ ಬ್ಯಾಚಿನ ಸ್ಕೀಮ್ ಡೌನ್‌ಲೋಡ್ ಮಾಡಿ, ಎಂಟೂ ಸೆಮಿಸ್ಟರ್‌ನ ಪೇಪರುಗಳನ್ನು ಒಂದು ದೊಡ್ಡ ಹಾಳೆ ಮೇಲೆ ಬರೆದು, ಯಾವುದಕ್ಕೆ ಯಾವುದು ಬೇಕು ಅಂತ ಬಾಣದ ಗುರುತು ಹಾಕಿ. ಗೊತ್ತಾಗದಿದ್ದರೆ ಮೂರನೇ ವರ್ಷದವರನ್ನು ಕೇಳಿ. ಬಾಣಗಳೆಲ್ಲ ಹೊರಡುವ ಜಾಗ ಯಾವುದು ಅಂತ ಆಗ ನಿಮಗೇ ಕಾಣುತ್ತದೆ.

ಈಗ ಅಪ್ಪನ ಮಾತು. ಅವರು ಹೇಳುವುದರಲ್ಲಿ ತಪ್ಪಿಲ್ಲ, ಖರ್ಚಿನ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು. ಬಿಸಿಎ ಮೂರು ವರ್ಷ, ಫೀ ಕಡಿಮೆ, ಆಮೇಲೆ ಎರಡು ವರ್ಷದ ಎಂಸಿಎ. ಒಟ್ಟು ಐದು. ಬಿಇ ನಾಲ್ಕು. ಬಿಸಿಎಗೆ ಕಾಮರ್ಸ್, ಆರ್ಟ್ಸ್ ಓದಿದ ಮಕ್ಕಳೂ ಬರುತ್ತಾರೆ, ಆದ್ದರಿಂದ ಅಲ್ಲಿ ಗಣಿತ ತೆಳ್ಳಗಿರುತ್ತದೆ. ಪಿಯುನಲ್ಲಿ ಎರಡು ವರ್ಷ ಕಷ್ಟಪಟ್ಟು ಮ್ಯಾಥ್ಸ್ ಓದಿದ್ದೀರಿ. ಅದನ್ನು ಬಳಸಿಕೊಳ್ಳುವ ಕೋರ್ಸಿಗೆ ಸೀಟು ಸಿಗುವಾಗ ಬಿಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಾಗಂತ ಮನೆಯ ಹಣಕಾಸು ನಿಜಕ್ಕೂ ಒಪ್ಪದಿದ್ದರೆ ಬಿಸಿಎಗೆ ಸೇರಿದವರು ಕೆಟ್ಟರು ಅಂತ ಏನೂ ಇಲ್ಲ. ಆಗ ಡಿಸ್ಕ್ರೀಟ್ ಮ್ಯಾಥ್ಸ್ (ಸೆಟ್, ರಿಲೇಶನ್, ಗ್ರಾಫ್ ಇಂಥ ಗಣಿತ), ಆಪರೇಟಿಂಗ್ ಸಿಸ್ಟಮ್ಸ್, ಆಲ್ಗಾರಿದಮ್ಸ್ ಮೂರನ್ನೂ ಇಂಟರ್ನೆಟ್ಟಿನಲ್ಲಿ ಸಿಗುವ ಎನ್‌ಪಿಟಿಇಎಲ್ ಪಾಠಗಳಿಂದ ಸ್ವಂತವಾಗಿ ಗಟ್ಟಿ ಮಾಡಿಕೊಳ್ಳಬೇಕು, ಅಷ್ಟೇ. ಇನ್ನೊಂದು ಎಚ್ಚರಿಕೆ. ಬಿಸಿಎ ಬಗ್ಗೆ ನಿಮ್ಮ ಸೀನಿಯರ್‌ಗಳು ಒಬ್ಬೊಬ್ಬರು ಒಂದೊಂದು ಹೇಳಬಹುದು. 2021-22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಆಯಿತು. ನಡುವೆ ಓದಿದವರ ಅನುಭವ ನಿಮಗೆ ಹೊಂದುವುದಿಲ್ಲ.

ಖರ್ಚಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ನಿಮ್ಮ ಕೈಯಲ್ಲಿ ಎರಡು ಕಾಗದ ಇವೆ. 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮತ್ತು ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಬೇರೆ ಬೇರೆ ಮೀಸಲಾತಿ ಇದೆ. ಎರಡೂ ಸರ್ಟಿಫಿಕೇಟ್ ಶಾಲೆಯಿಂದ, ಬಿಇಒ ಸಹಿಯೊಂದಿಗೆ ಸರಿಯಾಗಿದೆಯಾ ನೋಡಿಕೊಳ್ಳಿ. ಕುಟುಂಬದ ವರ್ಷದ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ, ಅಂದರೆ ಹೆಚ್ಚುವರಿ) ಕೋಟಾದ ಸೀಟುಗಳಿಗೂ ನೋಡಬಹುದು, ಅಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ಆದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ 371(ಜೆ) ಮೀಸಲಾತಿ ಮಾತ್ರ ನಿಮಗಿಲ್ಲ. ಹೊಳೆ ದಾಟಿದರೆ ಹೂವಿನಹಡಗಲಿಯವರಿಗೆ ಇದೆ, ಪಕ್ಕದ ಕೊಪ್ಪಳದವರಿಗೆ ಇದೆ, ಮುಂಡರಗಿಯವರಿಗೆ ಇಲ್ಲ. ಅಲ್ಲಿನ ಗೆಳತಿಗೆ ನಿಮಗಿಂತ ಹಿಂದಿನ ರ‍್ಯಾಂಕಿಗೆ ಸೀಟು ಸಿಕ್ಕರೆ ನಿಮಗೂ ಸಿಗುತ್ತದೆ ಅಂದುಕೊಂಡು ಆಪ್ಶನ್ ತುಂಬಬೇಡಿ. ಹೋದ ವರ್ಷದ ಕಟ್-ಆಫ್ ನೋಡುವಾಗಲೂ ನಿಮ್ಮ ಕೆಟಗರಿಯ ಕಾಲಂ ಮಾತ್ರ ನೋಡಿ.

ಇನ್ನು ಎಐ-ಎಂಎಲ್ ಬೇಕಾ, ಬರೀ ಸಿಎಸ್‌ಇ ಸಾಕಾ? ‘ಬರೀ’ ಅಂತ ನೀವೇ ಬರೆದಿದ್ದೀರಿ ನೋಡಿ. ಆ ಭಾವನೆ ಜಾಹೀರಾತಿನಿಂದ ಬಂದದ್ದು. ವಿಟಿಯು ಕಾಲೇಜುಗಳಲ್ಲಿ ಎರಡೂ ಬ್ರ್ಯಾಂಚಿನವರು ಎರಡನೇ ವರ್ಷದಲ್ಲಿ ಓದುವ ಮುಖ್ಯ ಪೇಪರುಗಳು ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಶುರುವಾಗುವುದು ಐದನೇ ಸೆಮಿಸ್ಟರ್‌ನ ನಂತರ, ಅದೂ ಕೆಲವು ಪೇಪರುಗಳಲ್ಲಿ. ಸಿಎಸ್‌ಇ ಓದಿದವರು ಮಶೀನ್ ಲರ್ನಿಂಗ್ ಕೆಲಸಕ್ಕೆ ಹೋಗುತ್ತಾರೆ. ಎಐ-ಎಂಎಲ್ ಓದಿದವರು ವೆಬ್ ಕಂಪನಿಯಲ್ಲಿ ಜಾವಾ ಬರೆಯುತ್ತಾರೆ. 2024ರಿಂದ ಗೇಟ್‌ನಲ್ಲಿ ಡೇಟಾ ಸೈನ್ಸ್ ಮತ್ತು ಎಐಗೆ ಬೇರೆ ಪೇಪರ್ ಇದೆ. ಅದನ್ನು ಬರೆಯಲು ಆ ಹೆಸರಿನ ಬ್ರ್ಯಾಂಚೇ ಬೇಕಂತಿಲ್ಲ. ಎಐ ಒಳಗೆ ಇರುವುದು ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಮತ್ತು ಡೆರಿವೇಟಿವ್. ನ್ಯೂರಲ್ ನೆಟ್‌ವರ್ಕ್ ಕಲಿಸುವ ಬ್ಯಾಕ್‌ಪ್ರಾಪಗೇಶನ್ ಅಂದರೆ ನೀವು ಪಿಯುನಲ್ಲಿ ಓದಿದ ಚೈನ್ ರೂಲೇ. ಅದನ್ನು ದೊಡ್ಡ ಪ್ರಮಾಣದಲ್ಲಿ ಲೆಕ್ಕ ಹಾಕುತ್ತಾರೆ, ಅಷ್ಟೇ. ಮ್ಯಾಥ್ಸ್ ಕೈಯಲ್ಲಿದ್ದರೆ ಯಾವ ಬ್ರ್ಯಾಂಚಿನಿಂದಲೂ ಅಲ್ಲಿಗೆ ದಾರಿ ಇದೆ. ಮ್ಯಾಥ್ಸ್ ಇಲ್ಲದಿದ್ದರೆ ಬ್ರ್ಯಾಂಚಿನ ಹೆಸರು ಏನೂ ಮಾಡಲಾರದು.

ಹಾಗಾದರೆ ಹುಬ್ಬಳ್ಳಿಯೋ ಗದಗವೋ? ಇದನ್ನು ಊರಿನ ಹೆಸರಿನಿಂದ ತೀರ್ಮಾನಿಸಬೇಡಿ. ನಮ್ಮ ಭಾಗದಲ್ಲಿ ಆಯ್ಕೆ ಸಾಕಷ್ಟಿದೆ. 1947ರಲ್ಲಿ ಶುರುವಾದ ಬಿವಿಬಿ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಅದರ ಸಿಲಬಸ್ ಅದೇ ಮಾಡುತ್ತದೆ. ಧಾರವಾಡದ ಎಸ್‌ಡಿಎಂ ಸ್ವಾಯತ್ತ ಕಾಲೇಜು. ಗದಗದ ತೋಂಟದಾರ್ಯ, ಹುಲಕೋಟಿಯ ರೂರಲ್, ಹಾವೇರಿ ಹತ್ತಿರ ದೇವಗಿರಿಯ ಸರ್ಕಾರಿ ಕಾಲೇಜು, ರಾಣೆಬೆನ್ನೂರಿನ ಎಸ್‌ಟಿಜೆ ಇವು ವಿಟಿಯು ಅಡಿ ಬರುತ್ತವೆ. ಎಲ್ಲಿ ಸೀಟು ಸಿಕ್ಕರೂ ನೋಡಬೇಕಾದದ್ದನ್ನು ವೆಬ್‌ಸೈಟಿನಲ್ಲಿ ಹಾಕಿರುವುದಿಲ್ಲ. ಒಂದು ದಿನ ಅಪ್ಪನ ಜೊತೆ ಹೋಗಿ ಕ್ಯಾಂಟೀನಿನಲ್ಲಿ ಕೂತು ಮೂರನೇ ವರ್ಷದ ಮಕ್ಕಳನ್ನು ಕೇಳಿ. ಡೇಟಾ ಸ್ಟ್ರಕ್ಚರ್ಸ್ ಯಾರು ಪಾಠ ಮಾಡುತ್ತಾರೆ, ಅವರು ಎಷ್ಟು ವರ್ಷದಿಂದ ಇದ್ದಾರೆ? ಸಂಜೆ 5ರ ನಂತರ ಲ್ಯಾಬ್ ತೆರೆದಿರುತ್ತದಾ? ಲ್ಯಾಬಿನಲ್ಲಿ ಪ್ರೋಗ್ರಾಂ ನೀವೇ ಯೋಚಿಸಿ ಬರೆಯಬೇಕಾ, ಮ್ಯಾನ್ಯುಯಲ್ ನೋಡಿ ಟೈಪ್ ಮಾಡಿದರೆ ನಡೆಯುತ್ತದಾ? ಹುಡುಗಿಯರ ಹಾಸ್ಟೆಲ್‌ನಲ್ಲಿ ಎಷ್ಟು ಗಂಟೆಗೆ ಒಳಗಿರಬೇಕು, ಲೈಬ್ರರಿಗೆ ಅನುಮತಿ ಇದೆಯಾ? ಈ ನಾಲ್ಕು ಉತ್ತರ ಸಿಕ್ಕರೆ ಕಾಲೇಜಿನ ಮುಕ್ಕಾಲು ಗುಣ ಗೊತ್ತಾಗುತ್ತದೆ.

ಆಮೇಲೆ ಓಡಾಟ. ಮುಂಡರಗಿಯಿಂದ ಗದಗ ಸುಮಾರು 40 ಕಿಲೋಮೀಟರ್. ಗದಗದಿಂದ ಹುಬ್ಬಳ್ಳಿ ಮತ್ತೆ 60ರ ಹತ್ತಿರ. ಊರಿನಿಂದ ದಿನಾ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ ಅಂದರೆ ನಾನು ಒಪ್ಪುವುದಿಲ್ಲ. ಬಸ್ಸಿನಲ್ಲಿ ಓದಬಹುದು ಅಂತ ಎಲ್ಲರೂ ಹೇಳುತ್ತಾರೆ. ಥಿಯರಿ ಓದಬಹುದು, ನಿಜ. ಪ್ರೋಗ್ರಾಂ ಬರೆಯಲು ಆಗುವುದಿಲ್ಲ, ಮನೆಗೆ ಬಂದ ಮೇಲೆ ಕಣ್ಣು ಮುಚ್ಚಿಕೊಂಡು ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಹಾಸ್ಟೆಲ್ ಸಿಕ್ಕರೆ ಹುಬ್ಬಳ್ಳಿ. ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆದರೂ ಸರಿ, ಅರ್ಜಿ ಕರೆದ ತಕ್ಷಣ ಹಾಕಿ, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿಯನ್ನೂ ಮರೆಯಬೇಡಿ. ಹಾಸ್ಟೆಲ್ ಸಿಗದಿದ್ದರೆ ಗದಗದ ಸಿಎಸ್‌ಇಯೇ ವಾಸಿ. ಮೊದಲ ವರ್ಷ ಊರಿಂದಲೇ ಓಡಾಡಿದರೂ, ಎರಡನೇ ವರ್ಷಕ್ಕಾದರೂ ಗದಗದಲ್ಲಿ ಒಂದು ರೂಮು ನೋಡಿಕೊಳ್ಳಿ. ಖರ್ಚು ಮಾಡಬೇಕಾದ ವರ್ಷ ಅದು.

ಇಷ್ಟು ಸೇರುವ ಮೊದಲಿನ ಮಾತು. ಸೇರಿದ ಮೇಲೆ ಮೊದಲ ವರ್ಷ ಬಹಳ ಮಕ್ಕಳಿಗೆ ಬೇಜಾರು ತರಿಸುತ್ತದೆ. ಕಂಪ್ಯೂಟರ್ ಓದಲು ಬಂದರೆ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಮತ್ತೆ ಪಿಯು ಥರ ಓದಿಸುತ್ತಾರೆ ಅಂತ ಗೊಣಗುತ್ತಾರೆ. ಗೊಣಗಲಿ ಬಿಡಿ. ಆ ವರ್ಷ ನಿಮಗೆ ಬೇಕಾದದ್ದು ಎರಡೇ: ಮ್ಯಾಥ್ಸ್‌ನಲ್ಲಿ ಬ್ಯಾಕ್ (ಫೇಲಾಗಿ ಉಳಿದ ಪೇಪರ್) ಇಲ್ಲದೆ ದಾಟುವುದು, ಸಿ ಭಾಷೆಯಲ್ಲಿ ಸ್ವಂತವಾಗಿ ಪ್ರೋಗ್ರಾಂ ಬರೆಯಲು ಬರುವುದು. ಉಳಿದ ಪೇಪರುಗಳನ್ನು ಪಾಸಾಗುವಷ್ಟು, ಸರಾಸರಿ ಕೆಡದಷ್ಟು ಓದಿ. ಪ್ಲೇಸ್‌ಮೆಂಟಿಗೆ ಬರುವ ಬಹಳ ಕಂಪನಿಗಳು ಶೇ 60 ಕೇಳುತ್ತವೆ, ಬ್ಯಾಕ್ ಉಳಿದಿರಬಾರದು ಅನ್ನುತ್ತವೆ. ಇಂಟರ್ನಲ್ಸ್‌ಗೆ 50, ಕೊನೆಯ ಪರೀಕ್ಷೆಗೆ 50 ಇರುವ ಪದ್ಧತಿಯಲ್ಲಿ ಇಂಟರ್ನಲ್ಸ್ ಕಳೆದುಕೊಳ್ಳುವುದು ದಡ್ಡತನ.

ಸಿ ಭಾಷೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮೊದಲ ಸಲ ಪ್ರೋಗ್ರಾಂ ಬರೆಯುವವರು ಬೀಳುವ ಗುಂಡಿ ಇಲ್ಲೇ ಇದೆ. ಪಾಠದಲ್ಲಿ ಲೂಪ್ ಹೇಳಿದಾಗ ಅರ್ಥವಾಗುತ್ತದೆ. ಫಂಕ್ಷನ್ ಅರ್ಥವಾಗುತ್ತದೆ. ಅರೇ ಬರುವಾಗ ಸ್ವಲ್ಪ ತಡವರಿಸುತ್ತಾರೆ. ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ಮತ್ತು ರಿಕರ್ಷನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿಯುತ್ತಾ ಬಂದಿರುತ್ತದೆ. ಮೇಷ್ಟ್ರು ಅವಸರದಲ್ಲಿ ಮುಗಿಸುತ್ತಾರೆ, ಪರೀಕ್ಷೆಗೆ ಒಂದು ಪ್ರಶ್ನೆ ಬಿಟ್ಟರೂ ನಡೆಯುತ್ತದೆ, ಮಕ್ಕಳು ಬಿಡುತ್ತಾರೆ. ಮುಂದಿನ ವರ್ಷ ಡೇಟಾ ಸ್ಟ್ರಕ್ಚರ್ಸ್ ಮೊದಲ ತಿಂಗಳಲ್ಲೇ ಲಿಂಕ್ಡ್ ಲಿಸ್ಟ್ ಬರುತ್ತದೆ. ಅದು ಪೂರ್ತಿ ಪಾಯಿಂಟರ್. ಆಮೇಲೆ ಟ್ರೀ ಬರುತ್ತದೆ. ಅದು ಪೂರ್ತಿ ರಿಕರ್ಷನ್. ಬಿಟ್ಟ ಎರಡು ಪಾಠ ಎರಡು ಕಡೆಯಿಂದ ಹಿಡಿದುಕೊಳ್ಳುತ್ತವೆ. ವರ್ಷಗಟ್ಟಲೆ ಡೇಟಾ ಸ್ಟ್ರಕ್ಚರ್ಸ್ ಪಾಠ ಮಾಡಿದವನಾಗಿ ಹೇಳುತ್ತೇನೆ, ಆ ಪೇಪರ್ ಕಷ್ಟ ಅನ್ನುವ ಮಕ್ಕಳಿಗೆ ನಿಜವಾಗಿ ಕಷ್ಟವಾಗಿರುವುದು ಸಿ ಭಾಷೆಯ ಕೊನೆಯ ಎರಡು ಅಧ್ಯಾಯ. ಹಾಗಾಗಿ ಮೊದಲ ವರ್ಷದ ಪರೀಕ್ಷೆ ಮುಗಿದ ರಜೆಯಲ್ಲಿ, ಬೇರೆ ಏನೂ ಮಾಡದಿದ್ದರೂ ಪರವಾಗಿಲ್ಲ, ಪಾಯಿಂಟರ್ ಮತ್ತು ರಿಕರ್ಷನ್ ಮಾತ್ರ ಮತ್ತೊಮ್ಮೆ ಮೊದಲಿನಿಂದ ಮಾಡಿ. ಮೆಮೊರಿಯ ಚಿತ್ರ ಕಾಗದದ ಮೇಲೆ ಚೌಕ ಚೌಕವಾಗಿ ಬರೆದು, ಒಂದೊಂದು ಸಾಲು ಓಡಿದಾಗ ಯಾವ ಚೌಕದಲ್ಲಿ ಏನು ಬದಲಾಯಿತು ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಬೇಸರದ ಕೆಲಸವೇ. ಆದರೆ ಇದಕ್ಕಿಂತ ಒಳ್ಳೆಯ ದಾರಿ ನಾನು ನೋಡಿಲ್ಲ.

ಈ ವರ್ಷವೇ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಅಂತ ಭಾಷೆ ಕೂಡಿಹಾಕಲು ಹೋಗಬೇಡಿ. ಒಂದು ಭಾಷೆ ಚೆನ್ನಾಗಿ ಬಂದರೆ ಎರಡನೆಯದು ಕೆಲವೇ ವಾರದ ಕೆಲಸ. ಸೀನಿಯರ್ ಅಕ್ಕ ಹೇಳಿದ ಕೋಡಿಂಗ್ ಪ್ರಾಬ್ಲಂ ಕೂಡ ಈಗ ಬೇಡ. ಅವಳ ಸಲಹೆ ಒಳ್ಳೆಯದು, ಹೊತ್ತು ತಪ್ಪಿದೆ. ಅರೇ, ಸ್ಟ್ಯಾಕ್, ಹ್ಯಾಶ್ ಟೇಬಲ್ ಗೊತ್ತಿಲ್ಲದೆ ಪ್ರಾಬ್ಲಂ ಕೊಡುವ ವೆಬ್‌ಸೈಟುಗಳಲ್ಲಿ ಕೂತರೆ ಉತ್ತರ ನೋಡಿ ಬಾಯಿಪಾಠ ಮಾಡುವ ಅಭ್ಯಾಸ ಬರುತ್ತದೆ. ಅದು ಬಿಡಿಸಲಾಗದ ಚಟ. ನಾಲ್ಕನೇ ಸೆಮಿಸ್ಟರ್ ಬಂದಾಗ ಶುರು ಮಾಡಿ, ದಿನಕ್ಕೆ ಒಂದು ಸಾಕು, ಆದರೆ ಬಿಡಬೇಡಿ.

ಮೊದಲ ವರ್ಷ ಮುಗಿಸಿಕೊಳ್ಳಬೇಕಾದ ಸಣ್ಣ ಕೆಲಸ ಒಂದಿದೆ. ವಿಟಿಯು ವಿದ್ಯಾರ್ಥಿಗಳಿಗೆ ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್ ಅಂತ 100 ಅಂಕ ಬೇಕು. ಊರಿನ ಶಾಲೆಯಲ್ಲಿ ಕಲಿಸುವುದು, ಗಿಡ ನೆಡುವುದು, ಸಮೀಕ್ಷೆ ಇಂಥ ಸಮಾಜದ ಕೆಲಸ. ಎಲ್ಲರೂ ಕೊನೆಯ ವರ್ಷಕ್ಕೆ ಇಟ್ಟುಕೊಂಡು ಪ್ಲೇಸ್‌ಮೆಂಟ್ ನಡುವೆ ಸಹಿಗಾಗಿ ಓಡಾಡುತ್ತಾರೆ. ನೀವು ಮೊದಲ ಎರಡು ರಜೆಯಲ್ಲೇ ಊರಿನಲ್ಲಿ ಮುಗಿಸಿಬಿಡಿ.

ಈಗ ಎರಡನೇ ವರ್ಷಕ್ಕೆ ಬರೋಣ. ಬಿಇ ಡಿಗ್ರಿಗೆ ಒಟ್ಟು 160 ಕ್ರೆಡಿಟ್. ಎಂಟು ಸೆಮಿಸ್ಟರ್‌ಗೆ ಹಂಚಿದರೆ ಸರಾಸರಿ 20. ವಾರಕ್ಕೆ ಒಂದು ಗಂಟೆ ಪಾಠ ಅಂದರೆ ಒಂದು ಕ್ರೆಡಿಟ್, ಎರಡು ಗಂಟೆ ಲ್ಯಾಬ್ ಅಂದರೆ ಒಂದು ಕ್ರೆಡಿಟ್. ಕಾಗದದ ಮೇಲೆ ಎಲ್ಲ ಸೆಮಿಸ್ಟರ್ ಹೆಚ್ಚುಕಮ್ಮಿ ಒಂದೇ ತೂಕ. ನಿಮ್ಮ ಸಮಯದ ಲೆಕ್ಕದಲ್ಲಿ ಹಾಗಲ್ಲ. ಮೂರು-ನಾಲ್ಕನೇ ಸೆಮಿಸ್ಟರ್‌ನಲ್ಲಿ ಫೆಸ್ಟ್, ಕ್ಲಬ್ಬು, ಹೊರಗಿನ ಕೋರ್ಸು ಎಲ್ಲ ಕಡಿಮೆ ಮಾಡಿ. ಹೆಚ್ಚುವರಿ ಸಮಯ ಎಷ್ಟಿದೆಯೋ ಅಷ್ಟೂ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಆಲ್ಗಾರಿದಮ್ಸ್, ಡಿಬಿಎಂಎಸ್ ನಾಲ್ಕಕ್ಕೆ ಹೋಗಲಿ.

ಲ್ಯಾಬಿನ ವಿಷಯ ಇಲ್ಲಿ ಬಹಳ ಮುಖ್ಯ. ಎಲ್ಲ ಕಾಲೇಜುಗಳಲ್ಲೂ ಮ್ಯಾನ್ಯುಯಲ್ ಕೈಯಿಂದ ಕೈಗೆ ಹೋಗುತ್ತದೆ. ಪ್ರೋಗ್ರಾಂ ಕಾಪಿ ಮಾಡಿ, ಔಟ್‌ಪುಟ್ ತೋರಿಸಿ, ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡರೆ ಮುಗಿಯಿತು. ವೈವಾದಲ್ಲಿ ‘ಈ ಸಾಲು ತೆಗೆದರೆ ಏನಾಗುತ್ತೆ’ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ನೀವು ಹೀಗೆ ಮಾಡಿ. ಲ್ಯಾಬಿನ ಪ್ರತಿ ಪ್ರೋಗ್ರಾಂ ಮುಗಿದ ಮೇಲೆ ಅದನ್ನು ಒಂದು ಕಡೆ ಬದಲಾಯಿಸಿ. ಸ್ಟ್ಯಾಕ್ ಅನ್ನು ಅರೇಯಲ್ಲಿ ಬರೆದಿದ್ದರೆ ಲಿಂಕ್ಡ್ ಲಿಸ್ಟಿನಲ್ಲಿ ಬರೆಯಿರಿ. ಕ್ಯೂ ತುಂಬಿದಾಗ ನಿಲ್ಲುತ್ತಿದ್ದರೆ ಬೆಳೆಯುವ ಹಾಗೆ ಮಾಡಿ. ಒಡೆದುಹೋಗುತ್ತದೆ, ಸರಿಮಾಡಲು ಸಂಜೆಯೆಲ್ಲ ಹಿಡಿಯಬಹುದು. ಕಲಿಯುವುದು ಆ ಸಂಜೆಯಲ್ಲೇ.

ಆಲ್ಗಾರಿದಮ್ಸ್ ಓದುವಾಗ ದೊಡ್ಡ ಓ ಚಿಹ್ನೆಯನ್ನು (ಮಾಹಿತಿ ಬೆಳೆದಂತೆ ಕೆಲಸ ಎಷ್ಟು ಬೆಳೆಯುತ್ತದೆ ಅನ್ನುವ ಅಳತೆ) ಬಾಯಿಪಾಠ ಮಾಡುವವರೇ ಜಾಸ್ತಿ. ಒಂದು ಸಲ ಅಂಕಿ ಹಾಕಿ ನೋಡಿ. 1 ಲಕ್ಷ ಹೆಸರುಗಳನ್ನು ಬಬಲ್ ಸಾರ್ಟ್‌ನಿಂದ ಜೋಡಿಸಲು ಸುಮಾರು 500 ಕೋಟಿ ಹೋಲಿಕೆ ಬೇಕು. ಮರ್ಜ್ ಸಾರ್ಟ್‌ಗೆ ಸುಮಾರು 17 ಲಕ್ಷ ಸಾಕು. ಜೋಡಿಸಿಟ್ಟ 10 ಲಕ್ಷ ಹೆಸರುಗಳಲ್ಲಿ ಒಂದನ್ನು ಬೈನರಿ ಸರ್ಚ್‌ನಿಂದ ಹುಡುಕಲು 20 ಹೋಲಿಕೆ ಸಾಕು, ಯಾಕೆಂದರೆ 2ನ್ನು 20 ಸಲ ಗುಣಿಸಿದರೆ 10,48,576. ಬಬಲ್ ಸಾರ್ಟ್, ಮರ್ಜ್ ಸಾರ್ಟ್ ಎರಡನ್ನೂ ನೀವೇ ಬರೆದು ಓಡಿಸಿ ಗಡಿಯಾರ ನೋಡಿ. ಒಂದು ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ, ಇನ್ನೊಂದು ಕಾಯಿಸುತ್ತದೆ. ಆಮೇಲೆ ಆ ಚಿಹ್ನೆ ಮರೆಯುವುದಿಲ್ಲ.

ಡಿಸ್ಕ್ರೀಟ್ ಮ್ಯಾಥ್ಸ್ ಬಗ್ಗೆ ನನಗೆ ಒಂದು ಸಿಟ್ಟಿದೆ. 2022ರ ಸ್ಕೀಮ್‌ನಲ್ಲಿ ಅದು ನಾಲ್ಕನೇ ಸೆಮಿಸ್ಟರ್‌ನಲ್ಲಿ ಆಯ್ಕೆಯ ಪೇಪರ್. ಎಲ್ಲರೂ ಓದಲೇಬೇಕಾದದ್ದನ್ನು ಹೀಗೆ ಆಯ್ಕೆಗೆ ಬಿಟ್ಟಿದ್ದಾರೆ. ನಿಮ್ಮ ಸ್ಕೀಮ್‌ನಲ್ಲೂ ಆಯ್ಕೆಯಾಗಿದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ, ಅಂಕ ಸುಲಭ ಅಂತ ಬೇರೆಯದಕ್ಕೆ ಹೋಗಬೇಡಿ. ಕಾಲೇಜು ಅದನ್ನು ಕೊಡದಿದ್ದರೆ ಸ್ವಂತವಾಗಿ ಓದಿ. ಸೆಟ್, ರಿಲೇಶನ್ ಗೊತ್ತಿದ್ದರೆ ಡೇಟಾಬೇಸ್ ಅರ್ಧ ಬಂದ ಹಾಗೆ. ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ರಿಲೇಶನಲ್ ಮಾಡೆಲ್ ಆ ಗಣಿತದ ಮೇಲೆಯೇ ಕಟ್ಟಿದ್ದು. ಗ್ರಾಫ್ ಗೊತ್ತಿದ್ದರೆ ನೆಟ್‌ವರ್ಕ್ಸ್ ಸಲೀಸು. ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಹತ್ತಿರದ ದಾರಿ ಹುಡುಕುವ ವಿಧಾನವನ್ನು ಇವತ್ತಿಗೂ ಇಂಟರ್ನೆಟ್ ರೂಟರ್‌ಗಳು ಒಎಸ್‌ಪಿಎಫ್ ಅನ್ನುವ ದಾರಿ ಆರಿಸುವ ನಿಯಮದಲ್ಲಿ ಬಳಸುತ್ತವೆ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಬೋರ್ಡ್ ಮೇಲೆ ಬಿಡಿಸಿದ ಲೆಕ್ಕ ಐದನೆಯದರಲ್ಲಿ ಮತ್ತೆ ಸಿಗುತ್ತದೆ. ಮೊದಲೇ ಪರಿಚಯ ಇದ್ದವರಿಗೆ ಅದು ಹೊಸ ಪಾಠವೇ ಅಲ್ಲ.

ನಿಮ್ಮ ಕಾಲೇಜಿನ ಸಿಲಬಸ್ ಸಾಕಾಗುತ್ತದಾ ಅಂತ ಅನುಮಾನ ಬಂದಾಗ ಹತ್ತಿರದಲ್ಲೇ ಒಂದು ಅಳತೆಗೋಲು ಇದೆ. ಧಾರವಾಡದಲ್ಲಿ 2015ರಿಂದ ಐಐಐಟಿ, 2016ರಿಂದ ಐಐಟಿ ಇವೆ. ಅಲ್ಲಿಗೆ ಜೆಇಇ ಬೇಕು, ಆ ಮಾತು ಬಿಡಿ. ಆದರೆ ಅಲ್ಲಿನ ಕೋರ್ಸುಗಳ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ನೋಡಬಹುದು. ನಿಮ್ಮ ಸ್ಕೀಮ್ ಪಕ್ಕದಲ್ಲಿಟ್ಟು ನೋಡಿದರೆ ಮುಖ್ಯ ಪೇಪರುಗಳ ಹೆಸರು ಹೆಚ್ಚು ಬೇರೆ ಇರುವುದಿಲ್ಲ. ಬೇರೆ ಇರುವುದು ಆಳ, ಅಸೈನ್‌ಮೆಂಟು. ಆ ಆಳ ಎನ್‌ಪಿಟಿಇಎಲ್‌ನಲ್ಲಿ ಬಿಟ್ಟಿ ಸಿಗುತ್ತದೆ. ಐಐಟಿಗಳ, ಐಐಎಸ್‌ಸಿಯ ಮೇಷ್ಟ್ರುಗಳೇ ಪಾಠ ಮಾಡಿದ್ದಾರೆ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆ ಫೀ ಕಟ್ಟಬೇಕು. ಒಂದು ಸೆಮಿಸ್ಟರ್‌ಗೆ ಒಂದೇ ಕೋರ್ಸು ಹಿಡಿಯಿರಿ, ಅದೂ ನಿಮ್ಮ ಆ ಸೆಮಿಸ್ಟರ್‌ನ ಕಷ್ಟದ ಪೇಪರಿಗೆ ಹೊಂದುವಂಥದ್ದು. ಐದಾರು ಕೋರ್ಸಿಗೆ ಹೆಸರು ಹಚ್ಚಿ ಯಾವುದನ್ನೂ ಮುಗಿಸದವರನ್ನು ಬಹಳ ನೋಡಿದ್ದೇನೆ.

ನೀವು ಕನ್ನಡ ಮಾಧ್ಯಮದಿಂದ ಬಂದಿದ್ದೀರಿ ಅನ್ನುವುದನ್ನು ಸ್ವಲ್ಪ ಅಳುಕಿನಿಂದ ಬರೆದ ಹಾಗಿದೆ. ಪಿಯುನಲ್ಲಿ ಎರಡು ವರ್ಷ ಇಂಗ್ಲಿಷ್‌ನಲ್ಲಿ ಓದಿ ದಾಟಿದ್ದೀರಿ, ಅಲ್ವಾ? ಇಲ್ಲೂ ಮೊದಲ ಸೆಮಿಸ್ಟರ್ ತಡವರಿಸುತ್ತೀರಿ, ಆಮೇಲೆ ಸರಿಹೋಗುತ್ತದೆ. ನೋಟ್ಸ್ ಕನ್ನಡದಲ್ಲಿ ಬರೆದುಕೊಳ್ಳಿ, ತಾಂತ್ರಿಕ ಪದಗಳನ್ನು ಹಾಗೇ ಇಟ್ಟುಕೊಳ್ಳಿ. ಒಂದು ವಿಷಯ ಕನ್ನಡದಲ್ಲಿ ಅವ್ವನಿಗೆ ತಿಳಿಯುವ ಹಾಗೆ ಹೇಳಲು ಬಂದರೆ ಅದು ನಿಮಗೆ ಗೊತ್ತು ಅಂತಲೇ ಅರ್ಥ. ಜೊತೆಗೆ ದಿನಾ ಒಂದು ಪುಟ ಪಠ್ಯಪುಸ್ತಕವನ್ನೇ ಓದಿ. ಪರೀಕ್ಷೆಗಾಗಿ ಮಾಡಿದ ನೋಟ್ಸ್ ಮಾತ್ರ ಓದಿದವರಿಗೆ ಇಂಗ್ಲಿಷೂ ಬೆಳೆಯುವುದಿಲ್ಲ, ವಿಷಯವೂ ಬೆಳೆಯುವುದಿಲ್ಲ. ಎರರ್ ಮೆಸೇಜ್ ಬಂದಾಗ ಹೆದರಿ ಮುಚ್ಚದೆ ಪೂರ್ತಿ ಓದುವುದು ಕೂಡ ಇಂಗ್ಲಿಷ್ ಅಭ್ಯಾಸವೇ.

ಮೂರನೇ ವರ್ಷದ ಬಗ್ಗೆ ಕಡಿಮೆ ಹೇಳುತ್ತೇನೆ. ಎರಡನೇ ವರ್ಷ ಚೆನ್ನಾಗಿ ಹೋಗಿದ್ದರೆ ನೀವೇ ದಾರಿ ಕಂಡುಕೊಂಡಿರುತ್ತೀರಿ. ಎಲೆಕ್ಟಿವ್ ಆರಿಸುವಾಗ ಹೆಸರು ನೋಡುವುದಕ್ಕಿಂತ ಪಾಠ ಮಾಡುವವರನ್ನು ನೋಡಿ. ಗೇಟ್ ಬರೆಯುವುದಾದರೆ ಐದನೇ ಸೆಮಿಸ್ಟರ್‌ನಲ್ಲಿ ತೀರ್ಮಾನಿಸಿ. ಮೂರನೇ ವರ್ಷದಲ್ಲಿರುವವರೂ ಬರೆಯಬಹುದು, ಒಂದು ಸಲ ಅನುಭವಕ್ಕೆ ಬರೆದರೆ ನಷ್ಟವಿಲ್ಲ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ ಅನ್ನುವುದನ್ನು ಅಪ್ಪನಿಗೆ ಹೇಳಿಡಿ. ಇಂಟರ್ನ್‌ಶಿಪ್ ಹುಡುಕುವಾಗ ಒಂದು ಎಚ್ಚರ: ನಿಮ್ಮಿಂದಲೇ ದುಡ್ಡು ತೆಗೆದುಕೊಂಡು ಸರ್ಟಿಫಿಕೇಟ್ ಕೊಡುವವರು ಬಹಳ ಇದ್ದಾರೆ. ಅದು ಇಂಟರ್ನ್‌ಶಿಪ್ ಅಲ್ಲ, ಅಂಗಡಿ. ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸಂಬಳ ಇಲ್ಲದೆ ಒಂದು ತಿಂಗಳು ಟೆಸ್ಟಿಂಗ್ ಮಾಡಿದರೂ ಅದಕ್ಕಿಂತ ಮೇಲು.

ಕೊನೆಯ ವರ್ಷದ ಪ್ರಾಜೆಕ್ಟ್ ಬಗ್ಗೆ ಮಾತ್ರ ಈಗಲೇ ಮನಸ್ಸಿನಲ್ಲಿ ಒಂದು ಬೀಜ ಇಟ್ಟುಕೊಳ್ಳಿ. ಪ್ರಾಜೆಕ್ಟ್ ಮಾಡಿ ಮಾರುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಹತ್ತಿರ ಹೋಗಬೇಡಿ. ನಮ್ಮ ಸುತ್ತಲೇ ಎಷ್ಟೋ ನಿಜವಾದ ಸಮಸ್ಯೆಗಳಿವೆ. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು. ಪ್ರೆಸ್ಸುಗಳಲ್ಲಿ ಹಳೆಯ ಕನ್ನಡ ಕಡತಗಳು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಬರುವ ಮೊದಲಿನ ಫಾಂಟುಗಳಲ್ಲಿವೆ. ಅವನ್ನು ತಪ್ಪಿಲ್ಲದೆ ಯೂನಿಕೋಡಿಗೆ ತರುವುದು ಒಳ್ಳೆಯ ಪ್ರಾಜೆಕ್ಟ್. ಸುಲಭ ಅಂತ ಕಾಣುತ್ತದೆ. ‘ಕ್ಷ’ ಅನ್ನುವ ಒಂದು ಅಕ್ಷರ ಯೂನಿಕೋಡಿನಲ್ಲಿ ಮೂರು ಸಂಕೇತ: ಕ, ಅರ್ಧಾಕ್ಷರದ ಚಿಹ್ನೆ (್), ಷ. ಯೂನಿಕೋಡನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಅದು 9 ಬೈಟ್. ಹಳೆಯ ಫಾಂಟಿನಲ್ಲಿ ಒತ್ತು, ಗುಣಿತದ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ. ಅರ್ಕಾವೊತ್ತು ಬಂದರೆ ಅದನ್ನು ಎತ್ತಿ ಮುಂದೆ ತರಬೇಕು. ಇಲ್ಲಿ ಡೇಟಾ ಸ್ಟ್ರಕ್ಚರ್ ಬೇಕು, ಥಿಯರಿ ಆಫ್ ಕಂಪ್ಯುಟೇಶನ್‌ನ ಸ್ಟೇಟ್ ಮಶೀನ್ ಬೇಕು, ಟೆಸ್ಟಿಂಗ್ ಬೇಕು. ಇಂಥದ್ದನ್ನು ಮಾಡಿ ಇಂಟರ್‌ವ್ಯೂನಲ್ಲಿ ಹತ್ತು ನಿಮಿಷ ವಿವರಿಸಿದರೆ ಎದುರಿನವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಲಾಟು, ತೂಕ, ಬಿಡ್ಡಿನ ಲೆಕ್ಕಕ್ಕೆ ಒಂದು ಡೇಟಾಬೇಸ್ ಮಾಡುವುದೂ ಹೀಗೇ. ಒಂದೇ ದಿನ ಸಾವಿರಾರು ಲಾಟು ಬಂದು ಹಲವರು ಒಟ್ಟಿಗೆ ಬಿಡ್ ಹಾಕಿದಾಗ ಟ್ರಾನ್ಸಾಕ್ಷನ್ (ಕೆಲಸ ಪೂರ್ತಿ ಆಗಬೇಕು, ಇಲ್ಲವೇ ಆಗಲೇಬಾರದು ಅನ್ನುವ ನಿಯಮ) ಯಾಕೆ ಬೇಕು ಅಂತ ಅಲ್ಲಿ ಅರ್ಥವಾಗುವ ಹಾಗೆ ಯಾವ ಪುಸ್ತಕದಲ್ಲೂ ಆಗುವುದಿಲ್ಲ.

ಲ್ಯಾಪ್‌ಟಾಪ್ ಈಗಲೇ ಬೇಡ. ಮೊದಲ ವರ್ಷದ ಸಿ ಪ್ರೋಗ್ರಾಂಗಳಿಗೆ ಕಾಲೇಜಿನ ಲ್ಯಾಬ್ ಸಾಕು, ರಜೆಯಲ್ಲಿ ಬೇಕಾದರೆ ಮೊಬೈಲಿನಲ್ಲೇ ಸಿ ಕಂಪೈಲರ್ ಹಾಕಿಕೊಳ್ಳಬಹುದು, ಟೈಪ್ ಮಾಡುವುದು ಕಿರಿಕಿರಿ ಅಷ್ಟೇ. ಮೂರನೇ ಸೆಮಿಸ್ಟರ್ ಶುರುವಾಗುವ ಮೊದಲು ತಗೊಳ್ಳಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಆಯಿತು, 16 ಜಿಬಿ ಸಿಕ್ಕರೆ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಬ್ಯಾಟರಿ ಮತ್ತು ಕೀಬೋರ್ಡ್ ಮಾತ್ರ ಕೂತು ಪರೀಕ್ಷಿಸಿ. ಎಐ ಓದುತ್ತೇನೆ ಅಂತ ಗ್ರಾಫಿಕ್ಸ್ ಕಾರ್ಡ್ ಇರುವ ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಲು ಅಂಗಡಿಯವರು ನೋಡುತ್ತಾರೆ. ಕಲಿಯುವ ಹಂತದ ಕೆಲಸಕ್ಕೆ ಇಂಟರ್ನೆಟ್ಟಿನಲ್ಲೇ ಪ್ರೋಗ್ರಾಂ ಓಡಿಸುವ ಗೂಗಲ್ ಕೊಲ್ಯಾಬ್ ಬಿಟ್ಟಿ ಸಿಗುತ್ತದೆ. ತಂದ ದಿನವೇ ಲಿನಕ್ಸ್ ಹಾಕಿಕೊಳ್ಳಿ, ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬಿಗೆ ಅದು ಬೇಕೇ ಬೇಕು. ಉಳಿದ ದುಡ್ಡು ಗದಗದ ರೂಮಿನ ಬಾಡಿಗೆಗೆ ಆಗುತ್ತದೆ ಅಂತ ಅಪ್ಪನಿಗೆ ಹೇಳಿ.